ಪೂನಾ ಮೌಲಾ ಸಾಬರ ಎದುರುಗಾಳಿ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದವರನ್ನು ಬರೀ ಮೌಲಾ ಸಾಬ್ ಎಂದರೆ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ಪೂನಾ ಮೌಲಾ ಸಾಬ್ ಎನ್ನಬೇಕು. ಸ್ವಾತಂತ್ರ್ಯ ಬಂದ ಎರಡನೇ ವರ್ಷದ ಆಷಾಢದಲ್ಲಿ ಅವರು ಒಬ್ಬರೇ ಸೈಕಲ್ ತುಳಿದು ಪೂನಾಕ್ಕೆ ಹೋಗಿ ಬಂದಿದ್ದರು. ಹಾಗೆಂದು ಊರು ನಂಬಿತ್ತು. ಕೊರಳ ತುಂಬ ಹಾರ ಹಾಕಿಸಿಕೊಂಡು ಸೈಕಲ್ ಹಿಡಿದು ನಿಂತ ಅವರ ಫೋಟೋ ಅಂಗಡಿಯ ಗೋಡೆಯ ಮೇಲಿತ್ತು. ಮಕ್ಕಳನ್ನು ಸೈಕಲ್ ಕಲಿಯಲು ಕರೆತಂದ ಅಪ್ಪಂದಿರು ಮೊದಲು ಫೋಟೋ ತೋರಿಸುತ್ತಿದ್ದರು, ಆಮೇಲೆ ಸೈಕಲ್.

ನಿಜ ಸಂಗತಿ ಬೇರೆ. ಅವತ್ತು ಅವರು ತುಳಿದದ್ದು ಹರಿಹರದವರೆಗೆ, ಬರೀ ಒಂಬತ್ತು ಮೈಲಿ. ಅಷ್ಟಕ್ಕೇ ಗಾಳಿ ಅವರನ್ನು ಹಿಂಡಿ ಹಿಪ್ಪೆ ಮಾಡಿತ್ತು. ಸ್ಟೇಷನ್ನಿನಲ್ಲಿ ಪೂನಾ ರೈಲು ನಿಂತಿತ್ತು. ಸೈಕಲ್ಲನ್ನು ಲಗೇಜಿಗೆ ಹಾಕಿ ಹತ್ತಿಬಿಟ್ಟರು. ಪೂನಾದ ದೊಡ್ಡಮ್ಮನ ಮನೆಯಲ್ಲಿ ಹನ್ನೆರಡು ದಿನ ಉಂಡು ಮಲಗಿ, ‘ಸುಖವಾಗಿ ಮುಟ್ಟಿದೆ, ಮುಂದಿನ ಶುಕ್ರವಾರ ಬರುತ್ತೇನೆ’ ಎಂದು ಮನೆಗೊಂದು ಕಾರ್ಡು ಬರೆದರು. ಹೇಗೆ ಮುಟ್ಟಿದೆ ಎಂದು ಬರೆಯಲಿಲ್ಲ. ಶುಕ್ರವಾರ ಹರಿಹರದಲ್ಲಿ ರೈಲಿಳಿದು ಸೈಕಲ್ ಹತ್ತಿ ಊರು ಹೊಕ್ಕರೆ, ಕಾರ್ಡಿನ ಸುದ್ದಿ ತಿಳಿದ ಜವಳಿ ಸಾವ್ಕಾರ್ ಪಂಚಾಕ್ಷರಪ್ಪನವರು ಹಾರ, ಬ್ಯಾಂಡು, ನೂರು ಜನರನ್ನು ಕಟ್ಟಿಕೊಂಡು ನಿಂತಿದ್ದರು. ಅಂಥ ಹೊತ್ತಿನಲ್ಲಿ ಯಾವ ಗಂಡಸು ನಿಜ ಹೇಳುತ್ತಾನೆ? ಸಾವ್ಕಾರರು ಅರ್ಧ ಗಂಟೆ ಭಾಷಣ ಬಿಗಿದರು, ತಮ್ಮ ಅಂಗಡಿಯ ಪಕ್ಕದ ಕಟ್ಟೆಯನ್ನೇ ಸೈಕಲ್ ಅಂಗಡಿಗೆ ಬಿಟ್ಟುಕೊಟ್ಟರು.

ಆಮೇಲೆ ಕೇಳಿದವರಿಗೆಲ್ಲ ಹೇಳಿ ಹೇಳಿ ಕಥೆಗೆ ಕೈಕಾಲು ಮೂಡಿದವು. “ಹೋಗ್ತಾನೂ ಎದುರುಗಾಳಿ, ಬರ್ತಾನೂ ಎದುರುಗಾಳಿ. ಮುಖಕ್ಕೆ ರಪರಪ ಹೊಡಿತಿತ್ತು ನೋಡ್ರಿ” ಎನ್ನುವುದು ಅವರ ನೆಚ್ಚಿನ ಮಾತು.

ಹದಿಮೂರು ವರ್ಷ ಇದೇ ಮಾತಿನಲ್ಲಿ ಹಾಯಾಗಿ ಕಳೆಯಿತು. ಅರವತ್ತೆರಡರ ಆಷಾಢದಲ್ಲಿ ಹತ್ತಿ ಗಿರಣಿಗೆ ಮೂರು ದಿನ ರಜೆ ಬಿತ್ತು. ಅಲ್ಲಿ ಕೆಲಸಕ್ಕಿದ್ದ ಹಿದಾಯತ್ ಮತ್ತು ಕರಿಬಸವರಾಜ, ಇಬ್ಬರೂ ಇಪ್ಪತ್ತೈದರ ಆಸುಪಾಸಿನವರು, ಸೈಕಲ್ ಮೇಲೆ ಹುಬ್ಬಳ್ಳಿಗೆ ಹೋಗಿ ಬರುತ್ತೇವೆಂದು ಹೊರಟರು. ಪಂಚಾಕ್ಷರಪ್ಪನವರು ಕಟ್ಟೆಯ ಮೇಲೆ ಹತ್ತು ಜನರ ಎದುರಿಗೇ ಹೇಳಿದರು: “ಮೌಲಾ, ಇವರ ಜೊತೆ ನೀನೂ ಹೋಗಪ್ಪ. ಪೂನಾ ಕಂಡೋನಿಗೆ ಹುಬ್ಬಳ್ಳಿ ಯಾವ ಲೆಕ್ಕ?”

“ಅದಕ್ಕೇನ್ರಿ, ಹೋಗೋಣ” ಎಂದಿತು ಮೌಲಾ ಸಾಬರ ನಾಲಿಗೆ.

ಮರುದಿನ ಬೆಳಿಗ್ಗೆ ಹೆಂಡತಿ ಮಾಬೂಬೀ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತ, “ನಲವತ್ತೆಂಟು ತುಂಬೈತೆ ನಿಮಗ. ಗಾಳಿ ನೋಡೀರೇನು? ಮಂಡಿ ನೋವು ಅಂತ ಹೇಳಿ ಕೂಡ್ರಿ” ಎಂದಳು. ಕೂರಬಹುದಿತ್ತು. ಆದರೆ ಗೋಡೆಯ ಮೇಲಿನ ಫೋಟೋ ಕೂರಲು ಬಿಡಬೇಕಲ್ಲ.

ಊರು ದಾಟಿ ಬಯಲಿಗೆ ಬಿದ್ದದ್ದೇ ತಡ, ಪಡುವಣ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕತೊಡಗಿತು. ಪೆಡಲ್ ಮೇಲೆ ಎದ್ದು ನಿಂತು ತುಳಿದರೂ ಗಾಲಿ ಉರುಳುತ್ತಿರಲಿಲ್ಲ. ಇಳಿಜಾರಿನಲ್ಲೂ ತುಳಿಯಬೇಕಾಯಿತು. ಕಣ್ಣಿಗೆ ಕೆಮ್ಮಣ್ಣಿನ ಧೂಳು, ಕಿವಿಯೊಳಗೆ ಭೋರೆಂಬ ಸದ್ದು; ತಲೆಗೆ ಸುತ್ತಿದ ಟವೆಲ್ ಎರಡು ಸಲ ಹಾರಿ ಜಾಲಿಮುಳ್ಳಿಗೆ ಸಿಕ್ಕಿಕೊಂಡಿತು. ಒಂದು ಮೈಲಿಕಲ್ಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೌಲಾ ಸಾಬರ ತೊಡೆ ನಡುಗುತ್ತಿತ್ತು. ಹಿಂದಕ್ಕೆ ತಿರುಗಿದರೆ ಮಾನ ಹೋಯಿತು, ಮುಂದೆ ಹೋದರೆ ಪ್ರಾಣ ಹೋಯಿತು. ಹುಡುಗರು ಮುಂದೆ ಹೋಗಿ ಹೋಗಿ, ಇವರಿಗಾಗಿ ಮರದಡಿ ಕಾದು ನಿಲ್ಲುತ್ತಿದ್ದರು. ಆ ಮರ್ಯಾದೆಯೇ ಅವರನ್ನು ಹೆಚ್ಚು ಸುಟ್ಟಿತು.

ಅಂಥದೊಂದು ಬೇವಿನ ಮರದ ಕೆಳಗೆ ಹಿದಾಯತ್ ನೀರಿನ ಬಾಟಲಿ ಕೊಡುತ್ತ ಕೇಳಿದ: “ಉಸ್ತಾದ್ರೇ, ಈ ಗಾಳಿ ಆಷಾಢ ಮುಗಿಯೋ ತನಕ ಪಡುವಣದಿಂದಾನೇ ಅಲ್ವೇನ್ರಿ ಬೀಸೋದು? ಹಂಗಾದ್ರೆ ಪೂನಾದಿಂದ ಬರ್ತಾ ನಿಮಗ ಬೆನ್ನಿಗಿರಬೇಕಿತ್ತು. ಬರ್ತಾನೂ ಎದುರುಗಾಳಿ ಅಂತೀರಲ್ಲ, ಅದು ಹೆಂಗೆ?”

ಚುಚ್ಚಿ ಕೇಳಿದ್ದಲ್ಲ. ಹುಡುಗನಿಗೆ ತಿಳಿಯಬೇಕಿತ್ತು, ಕೇಳಿದ. ಮೌಲಾ ಸಾಬರ ಬಾಯಿಗೆ ಹೋದ ನೀರು ಅಲ್ಲೇ ನಿಂತಿತು. ಹದಿಮೂರು ವರ್ಷದಲ್ಲಿ ಅವರಿಗೂ ಇದು ಹೊಳೆದಿರಲಿಲ್ಲ. ಕಥೆಯಲ್ಲಿ ಹೇಳುತ್ತಿದ್ದ ಗಾಳಿ ರೈಲಿನ ಕಿಟಕಿಯ ಗಾಳಿ. ಕಿಟಕಿಯಲ್ಲಿ ಮುಖವಿಟ್ಟು ಕೂತರೆ ಹೋಗುವಾಗಲೂ ಅದು ಮುಖಕ್ಕೇ ಹೊಡೆಯುತ್ತದೆ, ಬರುವಾಗಲೂ ಮುಖಕ್ಕೇ.

“ಆ ವರ್ಷ... ಗಾಳಿ ತಿರುಗಿತ್ತು” ಎಂದರು. ಕರಿಬಸವರಾಜ ಬೇರೆ ಕಡೆ ನೋಡಿದ. ಅರ್ಥವಾಗಿದೆ ಇವನಿಗೆ ಎಂದು ಮೌಲಾ ಸಾಬರಿಗೆ ಖಾತ್ರಿಯಾಯಿತು.

ಒಂದು ತಾಸಿನ ದಾರಿಗೆ ಮೂರು ತಾಸು ಹಿಡಿಯಿತು. ಹರಿಹರದ ಸ್ಟೇಷನ್ ಎದುರಿನ ಚಾ ಅಂಗಡಿಯಲ್ಲಿ ಕೂತಾಗ ಅವರಿಗೆ ಕಪ್ಪು ಬಸಿ ಹಿಡಿಯಲೂ ಕೈ ಬರಲಿಲ್ಲ. ಮುಂದೆ ತುಂಗಭದ್ರೆಯ ಸೇತುವೆ, ಅದರಾಚೆ ಹುಬ್ಬಳ್ಳಿಗೆ ಇನ್ನೂ ಎಂಬತ್ತು ಮೈಲಿ. ಅಷ್ಟರಲ್ಲಿ ರೈಲು ಕೂಗಿತು. ಅದೇ ಪ್ಲಾಟ್‌ಫಾರ್ಮ್, ಅದೇ ಪೂನಾ ಲೈನು.

ಕರಿಬಸವರಾಜ ದನಿ ತಗ್ಗಿಸಿದ: “ಉಸ್ತಾದ್ರೇ, ಮೂವರೂ ರೈಲು ಹತ್ತಿಬಿಡೋಣೇನ್ರಿ? ಹುಬ್ಬಳ್ಳೀಲಿ ಎರಡು ದಿನ ಇದ್ದು ಬಂದ್ರೆ ಯಾರು ಕೇಳ್ತಾರ? ನಾವು ಬಾಯಿ ಬಿಡಲ್ಲ.”

ಅದರಲ್ಲಿ ಕುಹಕವಿರಲಿಲ್ಲ, ಕನಿಕರವಿತ್ತು. ಹೂಂ ಎಂದಿದ್ದರೆ ಎಲ್ಲ ಸಲೀಸಾಗುತ್ತಿತ್ತು, ಫೋಟೋ ಗೋಡೆಯ ಮೇಲೆ ಉಳಿಯುತ್ತಿತ್ತು. ಆದರೆ ಈ ಇಬ್ಬರೂ ಮುಂದೆ ಬದುಕಿರುವಷ್ಟು ದಿನ ತನ್ನ ಹಾಗೆ ಗಾಳಿಯ ಕಥೆ ಹೇಳುತ್ತ ಕೂರುವುದು ಮೌಲಾ ಸಾಬರಿಗೆ ಬೇಡವಾಗಿತ್ತು.

“ಬ್ಯಾಡ್ರಪ್ಪ” ಎಂದರು. “ನಾನು ಹತ್ತಿದೆ. ಹದಿಮೂರು ವರ್ಷಾತು, ಇನ್ನೂ ಇಳಿಯಾಕ ಆಗಿಲ್ಲ. ನೀವು ತುಳೀರಿ. ಆಗದಿದ್ರೆ ತಿರುಗಿ ಬರ್ರಿ, ಅದರಾಗೇನೂ ತಪ್ಪಿಲ್ಲ.”

ಹಿದಾಯತ್ ಉಸ್ತಾದರ ಮೊಣಕಾಲು ಮುಟ್ಟಿ ಎದ್ದ. ಇಬ್ಬರೂ ತಲೆ ಬಗ್ಗಿಸಿಕೊಂಡು ಸೇತುವೆಯ ಕಡೆ ತುಳಿದರು.

ಮೌಲಾ ಸಾಬರು ಸೈಕಲ್ ತಿರುಗಿಸಿದರು. ಈಗ ಗಾಳಿ ಬೆನ್ನಿಗೆ. ಕಾಲು ಆಡಿಸದಿದ್ದರೂ ಸೈಕಲ್ ಊರಿನತ್ತ ಓಡಿತು. ನಿಜವಾಗಿ ಪೂನಾದಿಂದ ತುಳಿದು ಬಂದವನಿಗೆ ಹೀಗಿರುತ್ತಿತ್ತು ಎಂದು ಅವರಿಗೆ ಅವತ್ತು ತಿಳಿಯಿತು. ಇಳಿದು ನಿಂತು ಸ್ವಲ್ಪ ಯೋಚಿಸೋಣವೆಂದರೂ ಗಾಳಿ ಬಿಡಲಿಲ್ಲ.

ಸೀದಾ ಜವಳಿ ಅಂಗಡಿಗೆ ಹೋಗಿ ಪಂಚಾಕ್ಷರಪ್ಪನವರ ಮುಂದೆ ನಿಂತು, ಇದ್ದದ್ದನ್ನು ಇದ್ದಹಾಗೆ ಹೇಳಿ ಮುಗಿಸಿದರು. ಸಾವ್ಕಾರರು ಬೈಯಲಿಲ್ಲ. ಗಲ್ಲಾಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ಹಳದಿಯಾದ ಒಂದು ಚೀಟಿ ತೆಗೆದು ಮುಂದಿಟ್ಟರು. ಪೂನಾದಿಂದ ಹರಿಹರಕ್ಕೆ ಬಂದ ಲಗೇಜಿನ ರೈಲ್ವೆ ಚೀಟಿ. ತುದಿಯಲ್ಲಿ ದಾರ ಇನ್ನೂ ಇತ್ತು.

“ಹಾರ ಹಾಕಬೇಕಾದ್ರೆ ನಿನ್ನ ಸೀಟಿನ ಕೆಳಗೆ ನೇತಾಡ್ತಿತ್ತು” ಎಂದರು. “ಬ್ಯಾಂಡು ಬಾರಿಸ್ತಿದ್ರು, ಜನ ನೋಡ್ತಿದ್ರು. ಕಿತ್ತು ಕಿಸೆಗೆ ಹಾಕ್ಕೊಂಡು ಭಾಷಣ ಮಾಡಿದೆ. ಈಗ ನೀನು ಬಾಯಿ ಬಿಟ್ರೆ ನಿನ್ನ ಮರ್ಯಾದೆ ಒಂದೇ ಹೋಗಲ್ಲ ಮೌಲಾ, ನನ್ನದೂ ಹೋಗ್ತೈತೆ. ಸುಮ್ಮನೆ ಅಂಗಡಿ ಬಾಗಿಲು ತೆಗಿ, ನಡಿ.”

ಚೀಟಿ ಮತ್ತೆ ಪೆಟ್ಟಿಗೆಗೆ ಹೋಯಿತು. ಹದಿಮೂರು ವರ್ಷ ದಿನಾ ಬೆಳಿಗ್ಗೆ ಈ ಮನುಷ್ಯನಿಗೆ ಸಲಾಂ ಮಾಡಿದ್ದರು; ದಿನಾ ಬೆಳಿಗ್ಗೆ ಸಾವ್ಕಾರರಿಗೆ ನಿಜ ಗೊತ್ತಿತ್ತು. ಸುಳ್ಳು ತನ್ನೊಬ್ಬನದು, ಬೇಕೆಂದಾಗ ಬಿಡಬಹುದು ಎಂದುಕೊಂಡಿದ್ದ ಮೌಲಾ ಸಾಬರಿಗೆ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಮೂರನೇ ದಿನ ಸಂಜೆ ಹುಡುಗರು ಬಂದರು. ಮತ್ತೆ ಹಾರ, ಬ್ಯಾಂಡು, ಜನ. ಉಸ್ತಾದ್ ಮೊದಲ ದಿನವೇ ಯಾಕೆ ತಿರುಗಿ ಬಂದ ಎಂದವರಿಗೆ ಸಾವ್ಕಾರರೇ ಮಂಡಿನೋವಿನ ಕಾರಣ ಹೇಳಿಟ್ಟಿದ್ದರು. ಹಾರ ಹಾಕುವ ಕೆಲಸ ಮೌಲಾ ಸಾಬರಿಗೇ ಬಿತ್ತು. ಹಾಕುವಾಗ ಅವರ ಕೈ ತಾನಾಗಿ ಹುಡುಗರ ಸೈಕಲ್ಲಿನ ಸೀಟಿನ ಕೆಳಗೆ ಹೋಯಿತು. ಅಲ್ಲಿ ಕೆಮ್ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಹಿದಾಯತ್‌ನ ಅಂಗೈ ಬೊಬ್ಬೆಯೊಡೆದು ಕೆಂಪಾಗಿತ್ತು.

“ಬರ್ತಾ ಗಾಳಿ ಬೆನ್ನಿಗಿತ್ತು, ಉಸ್ತಾದ್ರೇ” ಎಂದ ಅವನು ಮೆಲ್ಲಗೆ.

“ಪೂನಾ ಮೌಲಾ ಸಾಬ್ರು ಎರಡು ಮಾತಾಡ್ಲಿ!” ಎಂದು ಜನ ಕೂಗಿದರು. ಮೌಲಾ ಸಾಬರು ಕಟ್ಟೆ ಹತ್ತಿದರು. ಪಂಚಾಕ್ಷರಪ್ಪನವರ ಮುಖ ನೋಡಲಿಲ್ಲ, ಹುಡುಗರ ಮುಖ ನೋಡಿದರು. ಗಟ್ಟಿಯಾಗಿ ಹೇಳಿದರು: “ಇವರು ತುಳಿದು ಬಂದಾರ. ನಾನು ಪೂನಾಕ್ಕೆ ಹೋಗಿದ್ದು ರೈಲಿನಾಗ.”

ಪಂಚಾಕ್ಷರಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. “ನೋಡ್ರಿ, ದೊಡ್ಡತನ ಅಂದ್ರೆ ಇದು! ಶಿಷ್ಯರ ಹೆಸರು ಮ್ಯಾಲೆ ಬರಲಿ ಅಂತ ತನ್ನ ಹೆಸರನ್ನೇ ಕೆಳಗಿಳಿಸ್ತಾನ!” ಜನ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. “ನಿಜಾನ್ರಿ, ರೈಲಿನಾಗ!” ಎಂದು ಮೌಲಾ ಸಾಬರು ಕೂಗಿದಷ್ಟೂ ನಗು ಹೆಚ್ಚಾಯಿತು. ಯಾರೋ ಇನ್ನೊಂದು ಹಾರ ತಂದು ಅವರ ಕೊರಳಿಗೆ ಹಾಕಿದರು. ಫೋಟೋದವನು ಎಲ್ಲರನ್ನೂ ಒತ್ತಾಗಿ ನಿಲ್ಲಿಸಿದ.

ಮೌಲಾ ಸಾಬರನ್ನು ಬಿಟ್ಟರೆ ಆ ಗುಂಪಿನಲ್ಲಿ ನಗದೆ ನಿಂತವರು ಇಬ್ಬರೇ, ಹಿದಾಯತ್ ಮತ್ತು ಕರಿಬಸವರಾಜ. ಆ ಫೋಟೋವನ್ನೂ ಸಾವ್ಕಾರರು ಕಟ್ಟು ಹಾಕಿಸಿ ಅದೇ ಗೋಡೆಗೆ, ಹಳೆಯದರ ಪಕ್ಕಕ್ಕೆ ಹೊಡೆಸಿದರು.