ಮಂಡಿಯ ಕೆಳಗಿನ ದಿಂಬು

ಮೊಮ್ಮಗಳು ಬಂದಿದ್ದಾಳೆ, ಮನೆ ತುಂಬಿದೆ, ಎದೆ ತುಂಬಿ ಚೆಲ್ಲುತ್ತಿದೆ. ಆದರೂ ಆ ಬೂರುಗದ ಹತ್ತಿಯ ದಿಂಬು ಕಣ್ಣಿಗೆ ಬಿದ್ದರೆ ಎತ್ತಿ ತಿಪ್ಪೆಗೆ ಎಸೆಯುವಷ್ಟು ಸಿಟ್ಟು ಬರುತ್ತದೆ.

ನಮ್ಮ ಮನೆಯಲ್ಲಿ ಕೂಸಿಗೆ ನೀರು ಹಾಕುವುದು ತಾಯಿಯ ತಾಯಿ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯಬೇಕು. ಮಗಳು ಬಸುರಿ ಎಂದು ತಿಳಿದ ದಿನ ಕುಣಿಯಬೇಕು ಅನ್ನಿಸಿತು. ಕುಣಿಯಲು ಮಂಡಿ ಎಲ್ಲಿತ್ತು? ನಾಟಿ ಹಾಕಿ ಕಳೆ ಕಿತ್ತು ಎರಡೂ ಸವೆದಿದ್ದವು. ಬಲಗಾಲಂತೂ ಬಿಲ್ಲಿನಂತೆ ಬಾಗಿತ್ತು. ಕಿರುಗಾವಲಿನಲ್ಲಿ ಬಸ್ಸು ಹತ್ತುವಾಗ ಕಂಡಕ್ಟರು ಕೈ ಹಿಡಿದು ಎಳೆಯಬೇಕಿತ್ತು.

ಮಂಡ್ಯದ ಡಾಕ್ಟರು ಎಕ್ಸರೇ ನೋಡಿ, "ಬಲಗಡೆ ಮಂಡಿ ಬದಲಾಯಿಸಲೇಬೇಕು. ಎಡಗಡೆಗೆ ಈಗ ಆಪರೇಷನ್ ಬೇಡ. ತೂಕ ಇಳಿಸಿ, ತೊಡೆಗೆ ಬಲ ಬರುವ ವ್ಯಾಯಾಮ ಮಾಡಿ," ಎಂದರು.

"ಕೂಸ್ಗೆ ನೀರ್ ಹಾಕಕಾಯ್ತದಾ ಸಾ?"

"ನೆಲದ ಮೇಲೆ ಕೂರಬೇಡಿ. ಕಾಲು ನೆಟ್ಟಗೆ ಚಾಚಲು ಬಂದರೆ, ಎತ್ತರದಲ್ಲಿ ಕೂತು ಹಾಕಬಹುದು."

ಮಗಳಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ನನ್ನ ಆಪರೇಷನ್ ಆಯಿತು. ನೋಡಿಕೊಳ್ಳಲು ಪೂರಿಗಾಲಿಯಿಂದ ನಮ್ಮಕ್ಕ ಬಂದಳು. ಬಂದವಳೇ ನನ್ನನ್ನು ಬಾಣಂತಿ ಮಾಡಿ ಕೂರಿಸಿದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು, ಮಂಡಿಯ ಕೆಳಗೆ ಮೆತ್ತನೆಯ ದಿಂಬು. ದಿಂಬು ಹಿಮ್ಮಡಿಯ ಕೆಳಗಿರಲಿ, ಮಂಡಿಯ ಕೆಳಗೆ ಬೇಡವೇ ಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು.

"ಕಾಲ್ ಆಡುಸ್ಬೇಕಂತೆ ಕಣಕ್ಕ."

"ಆಡುಸುದ್ರೆ ವಲಿಗೆ ಕಿತ್ತೋಯ್ತದೆ. ಸುಮ್ಕೆ ಮನಿಕೊಳೆ."

"ಡಾಕ್ಟ್ರು ಬಯ್ತಾರೆ."

"ಅವ್ನೇನ್ ಬಂದು ನಿನ್ನ ಮೂರೊತ್ತೂ ಎಬ್ಬುಸ್ತಾನಾ? ಎಬ್ಬುಸೋಳು ನಾನು. ಮನಿಕೊ!"

ಮಲಗಿದೆ. ಕಾಲು ಚಾಚಿದರೆ ಜೀವ ಹೋಗುವ ನೋವು, ದಿಂಬಿಟ್ಟರೆ ಹಾಯಿ. ಅಕ್ಕನನ್ನು ಬಯ್ಯುವುದು ಸುಲಭ, ಹಾಯಾಗಿದೆ ಎಂದು ಬಾಯಿ ಮುಚ್ಚಿಕೊಂಡವಳು ನಾನೇ ಅಲ್ಲವೇ!

ತಿಂಗಳಾದ ಮೇಲೆ ಮಂಡ್ಯಕ್ಕೆ ಹೋದರೆ ಹೊಸ ಮಂಡಿ ನೆಟ್ಟಗಾಗಲೇ ಇಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ಅದರ ಕೆಳಗೆ ಅಂಗೈ ತೂರಿಸಿ, "ಏನಜ್ಜಿ, ಇದರಡಿ ಬೆಕ್ಕು ಮರಿ ಹಾಕಬಹುದು! ಇನ್ನೂ ತಡ ಮಾಡಿದರೆ ಹೀಗೇ ನಿಂತುಬಿಡುತ್ತೆ," ಎಂದಳು. ಡೊಂಕು ಕಾಲ ಮೇಲೆ ಕೂಸು ಹೇಗೆ ಮಲಗೀತು? ಬಸ್ಸಿನಲ್ಲಿ ಊರು ಬರುವತನಕ ಅಳುತ್ತಲೇ ಇದ್ದೆ. ಮನೆಗೆ ಬಂದವಳೇ ದಿಂಬನ್ನು ಅಕ್ಕನ ಮೇಲೆ ಎಸೆದೆ.

"ತಕ್ಕೊ ನಿನ್ ದಿಂಬ! ಪೂರಿಗಾಲಿಗೆ ಎತ್ಕೊಂಡೋಗು!"

"ನಿಂಗ್ ಮಾಡಿದ್ದೆಲ್ಲಾ ಒಳೇಲಿ ಉಣ್ಸೆಣ್ ತೊಳ್ದಂಗಾಯ್ತು, ಬುಡು!"

ಅಂದಳೇ ಹೊರತು ಹೋಗಲಿಲ್ಲ. ಮರುದಿನದಿಂದ ಮುಖ ಊದಿಸಿಕೊಂಡೇ ಎದುರು ಕೂತಳು. ನಾನು ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಮಂಡಿಯನ್ನು ಹಾಸಿಗೆಗೆ ಅಮುಕಬೇಕು, ಅವಳು ಎಣಿಸಬೇಕು. "ಒಂದು, ಎಲ್ಡು... ಅಮುಕೆ, ಕಳ್ಳಾಟ ಆಡ್ಬ್ಯಾಡ!" ಎಡಗಾಲಿಗೆ ಕುರ್ಚಿಯಲ್ಲಿ ಕೂತು ಎತ್ತಿ ಇಳಿಸುವ ಕೆಲಸ. ಎರಡು ಮುದ್ದೆ ಉಣ್ಣುತ್ತಿದ್ದವಳಿಗೆ ಒಂದೇ ಮುದ್ದೆ. ಹಸಿವಿಗೂ ನೋವಿಗೂ ಇಬ್ಬರೂ ದಿನಾ ಜಗಳವಾಡಿದೆವು.

ಮೊನ್ನೆ ಕೂಸಿಗೆ ನೀರು ಹಾಕಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಎದುರಿನ ಬೆಂಚಿಗೆ ಕಾಲು ಚಾಚಿದೆ. ಎಡಮಂಡಿ ಸ್ವಲ್ಪ ಮುಲುಗಿತು. ಬಲಮಂಡಿ ಹಲಗೆಯಂತೆ ನೆಟ್ಟಗಿತ್ತು. ಅಕ್ಕ ಚೊಂಬಿನಲ್ಲಿ ನೀರು ಕೊಟ್ಟಳು, ನಾನು ಹುಯ್ದೆ. ಕೂಸು ಕಾಲ ಮೇಲೆ ಅಲುಗದೆ ಮಲಗಿ ಊರೆಲ್ಲ ಕೇಳುವಂತೆ ಕಿರುಚಿತು.

"ನಿನ್ ಗಂಟ್ಲೇ ಕಣೆ ಇದ್ಕೆ," ಎಂದಳು ಅಕ್ಕ. ಆಮೇಲೆ ಮೆಲ್ಲಗೆ, "ಕೂಸ್ ತಲೆಗೆ ಆ ದಿಂಬು ತರ್ಲಾ? ಮೆತ್ಗದೆ," ಎಂದಳು.

"ಮುಟ್ಟುದ್ರೆ ನೋಡು!" ಎಂದೆ.