ಗಾಜಿನಕ್ಕ ಮತ್ತು ಕಪ್ಪಾದ ಜೆಲ್

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ತೊಳೆಯುವ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಬೀಕರನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಒಳಮೈಯಲ್ಲಿ ನೀರು ಹನಿಗಟ್ಟದೆ ಹಾಳೆಯಂತೆ ಜಾರಿದರೆ ಪಾಸು. ಹನಿ ನಿಂತರೆ ಮತ್ತೆ ಸೋಪು. ದಿನಕ್ಕೆ ಇನ್ನೂರು ಪಾತ್ರೆ. ಪ್ರತಿಯೊಂದಕ್ಕೂ ಆರು ಸಲ ನೀರು. ಇಪ್ಪತ್ತೊಂದು ವರ್ಷಗಳಿಂದ ಇದೇ ಕೆಲಸ. ಇಲ್ಲಿ ಎಲ್ಲರಿಗೂ ಅವರು ಗಾಜಿನಕ್ಕ.

"ಮನೇಲಿ ಪಾತ್ರೆ ತೊಳೆಯೋದು ನಮ್ಮ ಯಜಮಾನ್ರು. ನಾನು ಕೈ ಹಾಕಿದ್ರೆ ಟ್ಯಾಂಕ್ ಖಾಲಿ ಅಂತಾರೆ," ಎಂದು ನಗುತ್ತಾರೆ.

ಈ ಬೀಕರುಗಳಲ್ಲಿ ತಯಾರಾಗುವುದು, ಬೇಗ ಮಾಯದ ಗಾಯಗಳಿಗೆಂದು ಪರೀಕ್ಷೆಯಲ್ಲಿರುವ ಒಂದು ಜೆಲ್. ಅದರ ಜೀವಾಳ ಗ್ಯಾಲಿಕ್ ಆಮ್ಲ. ಚಹಾ ಎಲೆಯಲ್ಲೂ ನೆಲ್ಲಿಕಾಯಿಯಲ್ಲೂ ಇರುವ ವಸ್ತು. ಸೂಕ್ಷ್ಮಾಣುಗಳನ್ನು ತಡೆಯುವ, ಉರಿಯೂತ ತಗ್ಗಿಸುವ ಗುಣ ಅದಕ್ಕಿದೆ.

ಎರಡು ತಿಂಗಳ ಹಿಂದೆ, ತಿಳಿಹಳದಿಯಾಗಿರಬೇಕಾದ ಜೆಲ್ ನೀಲಿಗಪ್ಪಾಗತೊಡಗಿತು. ಅದರೊಡನೆ ಬೆಳೆಸಿದ ಚರ್ಮದ ಜೀವಕೋಶಗಳು ಸತ್ತವು. ನಾಲ್ಕು ವರ್ಷ ಇದಕ್ಕೇ ಸವೆಸಿದ ಸಂಶೋಧಕಿಗೆ, ಇನ್ನು ಕೈಬಿಡು ಎಂದರು ಹಿರಿಯರು. ಪಾತ್ರೆಗಳ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಗಾಜಿನಕ್ಕ ತೊಳೆದವಲ್ಲವೇ?

ಅದೇ ವಾರ ಮನೆಯಲ್ಲಿ, ತುಕ್ಕು ಹಿಡಿದ ಮುಚ್ಚಳದ ಮೇಲೆ ಚೆಲ್ಲಿದ್ದ ಚಹಾ ಶಾಯಿಯಂತೆ ಕಪ್ಪಾಗಿದ್ದನ್ನು ಗಾಜಿನಕ್ಕ ಕಂಡರು. ಪ್ರಯೋಗಾಲಯದ ಬ್ರಷ್ ಸವೆದಿದೆಯೆಂದು ತಾವೇ ಅಂಗಡಿಯಿಂದ ತಂದಿದ್ದ ಕಬ್ಬಿಣದ ತಂತಿಯುಂಡೆ ನೆನಪಾಯಿತು. ಅದು ಗಾಜನ್ನು ಫಳಫಳ ಹೊಳೆಸಿತ್ತು. ಜೊತೆಗೆ ಗೀರುಗಳಲ್ಲಿ ಕಬ್ಬಿಣದ ಕಣಗಳನ್ನೂ ಉಳಿಸಿತ್ತು. ಗ್ಯಾಲಿಕ್ ಆಮ್ಲಕ್ಕೆ ಕಬ್ಬಿಣ ಸೋಕಿದರೆ ಕಪ್ಪಾಗದೆ ಇನ್ನೇನು?

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಹೇಳ್ದಿದ್ರೆ ಈ ಹುಡುಗಿಯ ನಾಲ್ಕು ವರ್ಷ ನೀರುಪಾಲು. ಬಸ್ಸಲ್ಲಿ ಬರೋವಾಗ ಇದೇ ಯೋಚನೆ."

ಮುಂದಿನದನ್ನು ಸಂಶೋಧಕಿ ಹೇಳುತ್ತಾರೆ: "ನಾನು ಅಳ್ತಾ ಕೂತಿದ್ದೆ. ಅಕ್ಕ ಬಂದು ತಂತಿಯುಂಡೇನ ಮೇಜಿನ ಮೇಲಿಟ್ಟು, 'ಕಳ್ಳ ಸಿಕ್ಕಿದಾನೆ ಕಣೇ. ಮನೆಯೊಳಗೆ ಕರ್ಕೊಂಡು ಬಂದೋಳು ನಾನೇ' ಅಂದ್ರು."

ಕೆಲಸ ಹೋಗಲಿಲ್ಲ, ಗೀರುಬಿದ್ದ ಬೀಕರುಗಳು ಹೋದವು. ಹೊಸ ಬೀಕರಿನ ಜೆಲ್ ತಿಳಿಹಳದಿಯಾಗಿಯೇ ಉಳಿದಿದೆ. ಜೀವಕೋಶಗಳು ಉಳಿದಿವೆಯೇ ಎಂಬುದು ತಿಳಿಯುವುದು ಇಂದು. ಸಂಶೋಧಕಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಮೂಲೆಮೂಲೆಯನ್ನೂ ನೋಡುತ್ತಾರೆ. ಆಮೇಲೆ ಎದ್ದು ಸ್ಟೂಲು ಸರಿಸುತ್ತಾರೆ. "ಅಕ್ಕಾ, ಬನ್ನಿ."

ಇಷ್ಟು ವರ್ಷಗಳಲ್ಲಿ ಗಾಜಿನಕ್ಕ ಅದರೊಳಗೆ ಇಣುಕಿದವರಲ್ಲ. ಕೈಯನ್ನು ಏಪ್ರನ್ನಿಗೆ ಎರಡೆರಡು ಸಲ ಒರೆಸಿಕೊಂಡು ಬಗ್ಗುತ್ತಾರೆ.

"ಜೀರಿಗೆ ಚೆಲ್ಲಿದ ಹಾಗಿದೆಯಲ್ಲೇ. ಇವೇನಾ?"

"ಇವೇ. ಎಲ್ಲಾ ಬದುಕಿವೆ."

ಗಾಜಿನಕ್ಕ ತಲೆಯೆತ್ತದೆ, ಪಿಸುದನಿಯಲ್ಲಿ ಕೇಳುತ್ತಾರೆ: "ನಾನು ಉಸಿರು ಬಿಟ್ರೆ ಅವಕ್ಕೇನೂ ಆಗಲ್ಲ ತಾನೆ?"