ಮೇಜರ್ ಬರೆದ ಬಾಯಿಪರೀಕ್ಷೆ

ಹೋಟೆಲಿನ ಗೇಟು ಕಾಯುವವರನ್ನು ಎಲ್ಲರೂ ಮೇಜರ್ ಎಂದೇ ಕರೆಯುತ್ತಿದ್ದರು. ಸೈನ್ಯದ ಕಡೆ ಅವರು ತಲೆ ಹಾಕಿಯೂ ಮಲಗಿದವರಲ್ಲ. ಮೀಸೆಯ ಬಲದಿಂದ ಸಿಕ್ಕ ಬಡ್ತಿ ಅದು. ಪುಟ್ಟ ಕಾರೊಂದನ್ನು ಹಿಂದಕ್ಕೆ ತೆಗೆಸುವಾಗಲೂ ಹಡಗನ್ನು ದಡ ಸೇರಿಸುವವರ ಗತ್ತು. ಈ ಗತ್ತಿಗೆ ಮಣಿಯದವು ಅವರ ಮಂಡಿಗಳು ಮಾತ್ರ. ದಿನವಿಡೀ ನಿಂತು ಸಂಜೆಗೆ ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು.

ಅಷ್ಟರಲ್ಲಿ ಲಾಬಿಯಲ್ಲಿ ಅತಿಥಿಗಳನ್ನು ವಿಚಾರಿಸಿಕೊಳ್ಳುವ ಕೆಲಸ ಖಾಲಿಯಾಯಿತು. ಮೆತ್ತನೆಯ ಕುರ್ಚಿಯ ಕೆಲಸ. ಮ್ಯಾನೇಜರ್ ಒಂದೇ ಷರತ್ತು ಹಾಕಿದರು: ಇಂಗ್ಲಿಷಿನಲ್ಲಿ ಹೇಳಿದ್ದು ಅರ್ಥವಾಗಬೇಕು, ಸೋಮವಾರ ಪರೀಕ್ಷೆ.

ಸೊಸೆ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವವಳು, ಮನೆಯಲ್ಲಿ ಮಾವನನ್ನು ತಯಾರು ಮಾಡಲು ಅವಳೇ ಕೂತಳು. "ನಾನೊಂದು ವಾಕ್ಯ ಹೇಳ್ತೀನಿ ಮಾವ. ಅರ್ಥ ಕೆಡದ ಹಾಗೆ ನಿಮ್ಮ ಮಾತಲ್ಲಿ ತಿರುಗಿ ಹೇಳಿ. ಚಿಕ್ಕದಾಗಿ."

ಚಿಕ್ಕದಾಗಿ ಮಾತಾಡುವುದು ಮೇಜರರ ವಂಶದಲ್ಲೇ ಇರಲಿಲ್ಲ. 'ಪ್ಲೀಸ್ ವೇಟ್' ಎಂಬ ಎರಡು ಪದ ಅವರ ಬಾಯಲ್ಲಿ ಸ್ವಾಗತ ಭಾಷಣವಾಗಿ ಹೊರಬರುತ್ತಿತ್ತು. ಅಭ್ಯಾಸದ ಹುಚ್ಚು ಕನ್ನಡಕ್ಕೂ ಹಬ್ಬಿತು. ಹೆಂಡತಿ ಹಿತ್ತಲ ಬಾಗಿಲಿನಿಂದ, "ಹಾಲು ಉಕ್ತಾ ಇದೆ ನೋಡ್ರೀ" ಎಂದರೆ, ಇವರು ಒಲೆಯ ಪಕ್ಕದಲ್ಲೇ ನಿಂತು, "ಅಂದರೆ, ಹಾಲು ಪಾತ್ರೆಯ ಅಂಚನ್ನು ಮೀರಿ..." ಎಂದು ಶುರುಮಾಡಿದರು.

"ಇನ್ನೊಂದು ಥರ ಹೇಳೋ ಹೊತ್ತಿಗೆ ಒಲೆ ಆರಿಸ್ಬಹುದಿತ್ತಲ್ಲ," ಎಂದು ಆಕೆ ಒಳಗೆ ಬಂದು ನೆಲಕ್ಕೆ ಚೆಲ್ಲಿದ ಹಾಲು ಒರೆಸತೊಡಗಿದರು.

"ಅತ್ತೆ ಹೇಳಿದ್ದನ್ನ ಚಿಕ್ಕದಾಗಿ ಹೇಳಿ ನೋಡೋಣ," ಎಂದಳು ಸೊಸೆ.

"ನಾನು ದಡ್ಡ."

"ಸರಿಯಾಗಿದೆ ಮಾವ. ಇದೇ ಅಳತೆ."

ಸೋಮವಾರ ಮೇಜರ್ ಮೀಸೆ ತೀಡಿಕೊಂಡು ಲಾಬಿಗೆ ಬಂದರು. ಮ್ಯಾನೇಜರ್ ಮೂಲೆಯಲ್ಲಿ ಫೋನಿನಲ್ಲಿದ್ದರು. ಅಷ್ಟರಲ್ಲಿ ಪರದೇಶದ ಅತಿಥಿಯೊಬ್ಬ ಪೆಟ್ಟಿಗೆ ಎಳೆದುಕೊಂಡು ನೇರ ಇವರ ಬಳಿಗೇ ಬಂದು ಇಂಗ್ಲಿಷಿನಲ್ಲಿ ಕೂಗಾಡತೊಡಗಿದ. ಓಹೋ, ಪರೀಕ್ಷಕರನ್ನು ಹೊರಗಿನಿಂದ ಕರೆಸಿದ್ದಾರೆ, ಎಂದುಕೊಂಡರು ಮೇಜರ್. ತಮ್ಮ ಯೋಗ್ಯತೆಗೆ ಅದು ಸರಿಯಾಗಿಯೇ ಕಂಡಿತು.

ಆತ ಉಸಿರೆಳೆದುಕೊಳ್ಳಲು ನಿಂತಾಗ ಇವರು ಸೆಟೆದು ನಿಂತು ಒಪ್ಪಿಸಿದರು: "ಹೋಲ್ ನೈಟ್ ಟ್ರಾವೆಲ್. ನೋ ಸ್ಲೀಪ್. ರೂಮ್ ಪ್ರಾಮಿಸ್ ಟೆನ್. ನೌ ಟ್ವೆಲ್ವ್."

ಅತಿಥಿ ದಂಗಾದ. ಹೌದು ಎಂದು ತಲೆಯಾಡಿಸಿ, ದನಿ ತಗ್ಗಿಸಿ ಇನ್ನಷ್ಟು ಹೇಳಿದ. ಎರಡನೆಯ ಪ್ರಶ್ನೆ ಬಂತೆಂದು ಮೇಜರ್ ಅದಕ್ಕೂ ಸಿದ್ಧರಾದರು: "ಎವ್ರಿಬಡಿ ಸೇ ಫೈವ್ ಮಿನಿಟ್. ನೋಬಡಿ ಲಿಸನ್."

ಆತ ನಿಟ್ಟುಸಿರು ಬಿಟ್ಟು, ಮೇಜರರ ಕೈ ಕುಲುಕಿ ಸೋಫಾದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಗೊರಕೆಯೂ ಕೇಳಿಸಿತು.

ಮ್ಯಾನೇಜರ್ ಓಡಿಬಂದರು. "ಏನ್ ಮಾಡಿದ್ರಿ? ಬೆಳಗಿಂದ ಯಾರ ಮಾತೂ ಕೇಳ್ತಿರ್ಲಿಲ್ಲ ಆತ. ರೂಮ್ ಯಾವಾಗ ಅಂತ ಹೇಳಿದ್ರಾ?"

"ಇಲ್ಲ ಸರ್. ಅವರು ಹೇಳಿದ್ದನ್ನೇ ಹೇಳ್ದೆ. ಉತ್ತರ ಕೊಡೋ ಪಾಠ ಇನ್ನೂ ಆಗಿಲ್ಲ."

ಮ್ಯಾನೇಜರ್ ಮಲಗಿದ್ದ ಅತಿಥಿಯನ್ನೊಮ್ಮೆ, ಮೇಜರರನ್ನೊಮ್ಮೆ ನೋಡಿದರು. "ಅದನ್ನ ನಿಧಾನಕ್ಕೆ ಕಲಿಯಿರಿ. ನಾಳೆಯಿಂದ ಒಳಗೇ ಬನ್ನಿ."

ಮೇಜರ್ ಸಲಾಮು ಹೊಡೆದರು. ಮ್ಯಾನೇಜರ್ ಅತ್ತ ತಿರುಗಿದ್ದೇ ತಡ, ಇತ್ತ ಕುರ್ಚಿಯಲ್ಲಿ ಕೂತುಬಿಟ್ಟರು. ನಾಳೆಯವರೆಗೆ ಕಾಯಿರಿ ಎಂದು ಮಂಡಿಗಳಿಗೆ ಹೇಳುವ ಧೈರ್ಯ ಅವರಿಗಿರಲಿಲ್ಲ.